ಹೂ ಕಟ್ಟುವ ಕೈ, ವೈರ್ ಕಟ್ಟುವ ಕೈ

ಪೀಂ, ಪೀಂ, ಪೀಂ. ಬೆಳಕು ಹರಿಯುವ ಹೊತ್ತಿಗೆ ಕಂಪನಿ ಬಸ್ಸು ಹುಣಸೂರಿನ ನಮ್ಮ ಗಲ್ಲಿಯಲ್ಲಿ ರಿವರ್ಸ್ ತೆಗೆಯುವ ಆ ಸದ್ದಿಗೆ ನನಗೆ ರೇಗಿಹೋಗುತ್ತಿತ್ತು. ಈಗ ಅದಿಲ್ಲ ಅಂತ ರೇಗುತ್ತದೆ.

ಬಸ್ಸು ಬರುತ್ತಿದ್ದುದು ನಮ್ಮ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಹೆಂಗಸಿಗಾಗಿ. ಹತ್ತಿರದ ಭೇರ್ಯ ಅನ್ನುವ ಊರಿನವಳು. ಜಪಾನಿನವರು ಹಣ ಹಾಕಿದ್ದ ಫ್ಯಾಕ್ಟರಿಯಲ್ಲಿ ಕಾರಿನ ವೈರುಗಳನ್ನು ಕಂತೆ ಮಾಡಿ ಟೇಪು ಸುತ್ತುವ ಲೈನಿಗೆ ಅವಳೇ ಲೀಡರ್. ಗಂಡ ತೀರಿಕೊಂಡಿದ್ದ. ಮಗಳ ಸ್ಕೂಲು, ಇಬ್ಬರ ಊಟ, ಎಲ್ಲವೂ ಆ ಕೆಲಸದ ಮೇಲೆಯೇ ನಿಂತಿತ್ತು.

ಹೀಗಿರುವಾಗ ಟ್ರೈನಿಂಗಿಗೆಂದು ವಿಯೆಟ್ನಾಮಿನಿಂದ ನಾಲ್ಕು ಹುಡುಗಿಯರು ಬಂದರು. ಅದೇ ಜಪಾನಿನವರು ಅಲ್ಲೂ ಫ್ಯಾಕ್ಟರಿ ಕಟ್ಟಿಸುತ್ತಿದ್ದರು. ಭಾನುವಾರ ಇವಳು ಅವರನ್ನು ಮನೆಗೇ ಕರೆತಂದಳು. ನನ್ನ ವೆರಾಂಡಾದಲ್ಲಿ ಕನಕಾಂಬರ ಸುರಿದು, ಬಾಳೆನಾರು ಕೊಟ್ಟು, ಹೂ ಕಟ್ಟಲು ಕಲಿಸಿದಳು. ನಮ್ಮ ಕಡೆಯ ಹೆಂಗಸರ ಕೈ ವೈರಿನ ಮೇಲೆ ಅಷ್ಟು ಚುರುಕಾಗಿ ಓಡುತ್ತಿದ್ದುದು ಆ ಅಭ್ಯಾಸದಿಂದಲೇ: ಹೆಬ್ಬೆರಳಲ್ಲಿ ಒತ್ತಿ ಹಿಡಿಯುವುದು, ಕಣ್ಣು ಎಲ್ಲೇ ಇದ್ದರೂ ಸುತ್ತುವುದು.

"ಎಲ್ಲಾ ಹೇಳಿಕೊಡಬೇಡ ಕಣೇ. ದೇ ಆರ್ ಯುವರ್ ಕಾಂಪಿಟಿಟರ್ಸ್," ಎಂದೆ.

"ಏ ಬುಡಿ ಅಮ್ಮಾವ್ರೆ, ನೀವೊಬ್ರು. ಮನೆಗ್ ಬಂದ ಎಣ್ಮಕ್ಳಿಗೆ ಅರ್ಧಂಬರ್ಧ ಏಳ್ಕೊಡಕ್ಕಾಯ್ತದಾ?"

ಹೊರಡುವಾಗ ಅವರಿಗೆ ಅರಿಶಿನ ಕುಂಕುಮ, ಬ್ಲೌಸ್ ಪೀಸು ಬೇರೆ!

ಮಳೆಗಾಲ ಮುಗಿಯುವ ಮೊದಲೇ ಅವಳ ಲೈನು ಪೂರ್ತಿ ವಿಯೆಟ್ನಾಮಿಗೆ ಹೋಯಿತು. ಇವಳ ಕೆಲಸವೂ ಹೋಯಿತು. ಜಪಾನಿನ ಬಂಡವಾಳ ಏಷ್ಯಾದ ನೆರೆಹೊರೆಯನ್ನೆಲ್ಲ ಎತ್ತಿ ನಿಲ್ಲಿಸಿತೆಂದು ಪೇಪರಿನಲ್ಲಿ ಓದುತ್ತೇನೆ. ಇರಬಹುದು, ವೆರಿ ಗುಡ್. ಹೀಗೆ ಎತ್ತಿದವರು ಮಧ್ಯದಲ್ಲೇ ಕೈಬಿಟ್ಟು ಮುಂದಿನ ಊರಿಗೆ ಹೋಗುತ್ತಾರಲ್ಲ, ಅದನ್ನೂ ಯಾರಾದರೂ ಬರೆಯಬಾರದೆ? ಅವಳ ಕೆಲಸದ ವಿಚಾರ ಕೇಳಲೆಂದು ನಾನೇ ಫ್ಯಾಕ್ಟರಿಗೆ ಹೋದೆ. ನನ್ನ ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಖಾಲಿ ಮಾಡಿದೆ. ಮ್ಯಾನೇಜರ್ ಕಾಫಿ ಕೊಟ್ಟು, ತಲೆ ಬಾಗಿಸಿ, "ಡಿಸಿಷನ್ ಈಸ್ ಫ್ರಮ್ ಟೋಕಿಯೋ, ಮೇಡಂ," ಎಂದ. ಟೋಕಿಯೋದಲ್ಲಿ ಯಾರ ಬಾಗಿಲು ತಟ್ಟಲಿ ನಾನು? ಆ ನಾಲ್ಕು ಹುಡುಗಿಯರನ್ನು ಬೈಯೋಣವೆಂದರೆ ಅವರೂ ಯಾರದೋ ಮನೆ ನಡೆಸುತ್ತಿರುವವರೇ. ಸಿಟ್ಟನ್ನು ಎಲ್ಲಿಡುವುದೆಂದು ಇವತ್ತಿಗೂ ತಿಳಿದಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ, ಮನೆ ಖಾಲಿ ಮಾಡಿ ತವರಿಗೆ ಹೊರಟಾಗ. ಮಗಳು ಆಗಲೇ ಕಿಟಕಿ ಪಕ್ಕ ಕೂತಿದ್ದಳು. ಇವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಅಮ್ಮಾವ್ರೆ, ಆ ಎಣ್ಮಕ್ಳ ದೇಸದಲ್ಲಿ ಲೈನಿಗೆ ಇನ್ನೂ ಜನ ಬೇಕಾದ್ರೆ, ನಮ್ಮಂತೋರ್ನ ಕರ್ಕೋತಾರಾ?"

ನಾನು ಅವಳ ಚೀಲವನ್ನು ಬಸ್ಸಿನೊಳಗೆ ತಳ್ಳಿದೆ.

"ಮೊದಲು ಹತ್ತೇ, ಸೀಟು ಹೋಗುತ್ತೆ," ಎಂದು ಗದರಿದೆ.