ಮಾಸ್ತರರು ಹೇಳದ ಮಾತು

ಏಳನೇ ತರಗತಿಗೆ ಶಾಲೆ ಬಿಟ್ಟು ನಾನು ಬೇಗಂ ಬಜಾರಿನ ಕಿರಾಣಿ ಮಳಿಗೆಯೊಂದರಲ್ಲಿ ಹಮಾಲಿ ಕೆಲಸಕ್ಕೆ ಸೇರಿದೆ. ಬೇಳೆಯ ಚೀಲ ಬೆನ್ನಿಗೇರಿಸಿ ಎರಡು ಮಹಡಿ ಹತ್ತುತ್ತಿದ್ದೆ. ಓದು ಹತ್ತದವನಿಗೆ ಮೈಯ ಬಲವೇ ಹೆಮ್ಮೆ.

ಗುಲ್ಬರ್ಗಾ ಕಡೆಯಿಂದ ಬಂದ ಅಪ್ಪ ತೆಲುಗು ಮಾತಿನ ಈ ಊರಿನ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಕಾಲೊನಿಯ ವ್ಯಾಯಾಮಶಾಲೆಯಲ್ಲಿ ಮಾಸ್ತರರೊಬ್ಬರು ಹುಡುಗರಿಗೆ ಭಾರ ಎತ್ತುವುದನ್ನು ಕಲಿಸುತ್ತಿದ್ದರು. ಹದಿನಾರರ ನನ್ನ ತಂಗಿ ತಾನೂ ಕಲಿಯುತ್ತೇನೆಂದಳು. ಮಾಸ್ತರರು ಒಪ್ಪಿದರು. ಅವ್ವ ಒಪ್ಪಿದ್ದು ಒಂದೇ ಕರಾರಿನ ಮೇಲೆ: ಅಣ್ಣ ಜೊತೆಗಿರಬೇಕು. ಹಾಗಾಗಿ ಸಂಜೆ ನಾನು ಅಲ್ಲಿನ ಬೆಂಚಿನ ಮೇಲೆ ಕೂರುತ್ತಿದ್ದೆ.

ಹುಡುಗರು ಅವಳನ್ನು ಬಿಟ್ಟು ನನ್ನನ್ನು ಕಾಡಿದರು. "ತಂಗಿ ಭಾರ ಎತ್ತಾಕತ್ತಾಳ, ನೀ ಕುಂತು ಸ್ವೆಟರ್ ಹೆಣೀಪಾ" ಎಂದ ನಮ್ಮ ಕಡೆಯವನೇ ಒಬ್ಬ. ನಕ್ಕು ನುಂಗಿಕೊಂಡೆ. ಆದರೆ ಒಂದು ದಿನ, ಅವಳು ಆಗಷ್ಟೇ ಎತ್ತಿ ಇಳಿಸಿದ ಭಾರಕ್ಕೆ ನಾನೂ ಕೈ ಹಾಕಿದೆ. ಎದೆಯವರೆಗೆ ಬಂತು, ತಲೆಯ ಮೇಲೆ ಹೋಗಲಿಲ್ಲ. ಯಾರೂ ನಗಲಿಲ್ಲ. ತಂಗಿ ಹತ್ತಿರ ಬಂದು ಮೊಣಕೈ ಹೇಗಿಡಬೇಕೆಂದು ಮೆಲ್ಲಗೆ ತೋರಿಸಿದಳು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಮಾಸ್ತರರು ಸಿಕ್ಕು, ಅವಳನ್ನು ಈ ವರ್ಷ ರಾಜ್ಯದ ಕಿರಿಯರ ತಂಡದ ಆಯ್ಕೆಗೆ ಕಳಿಸುತ್ತೇನೆ, ಒಂದು ದಿನವೂ ತಪ್ಪಿಸಬೇಡ ಎಂದರು. ಅವ್ವ ಇನ್ನು ಬೇಡವೆನ್ನುತ್ತಿದ್ದಾಳೆ ಎಂದೆ. ಅವ್ವ ಹಾಗೆ ಅಂದೇ ಇರಲಿಲ್ಲ. ಸಂಜೆ ಮನೆಯಲ್ಲಿ ತಂಗಿಗೆ ಹೇಳಿದೆ: "ಇನ್ಮ್ಯಾಲ ಹುಡುಗ್ಯಾರು ಬರೂದು ಬ್ಯಾಡ ಅಂದಾರ ಮಾಸ್ತರು."

"ನಾ ಏನರ ತಪ್ಪ ಮಾಡೀನೇನಣ್ಣಾ?" ಎಂದಳು.

ಇಲ್ಲವೆಂದೆ. ಅಷ್ಟಾದರೂ ನಿಜ ಹೇಳಿದೆ.

ಹತ್ತು ತಿಂಗಳು ಕಳೆದವು. ಆಯ್ಕೆ ಮುಗಿದುಹೋಯಿತು. ಒಂದು ಭಾನುವಾರ ಮಾಳಿಗೆಗೆ ಹೋದರೆ, ಬಿದಿರಿನ ಗಳಕ್ಕೆ ಎರಡು ಬದಿ ಉಸುಕು ತುಂಬಿದ ಎಣ್ಣೆ ಡಬ್ಬಿ ಕಟ್ಟಿ ತಂಗಿ ಎತ್ತುತ್ತಿದ್ದಳು. ಮಾಸ್ತರರು ಎದುರಿಗೇ ನಿಂತಿದ್ದಾರೆ ಎಂಬಂತೆ ಪಾದ, ಬೆನ್ನು ಎಲ್ಲ ನೆಟ್ಟಗೆ.

"ಮಾಸ್ತರು ಬ್ಯಾಡ ಅಂದಿರಲಿಲ್ಲ. ನಾನ ಸುಳ್ಳ ಹೇಳಿದ್ದೆ. ನಿನ್ನಷ್ಟು ಎತ್ತಾಕ ನನಗ ಆಗಲಿಲ್ಲ" ಎಂದುಬಿಟ್ಟೆ.

ಅವಳು ಗಳವನ್ನು ನಿಧಾನವಾಗಿ ಇಳಿಸಿ ಕೆಳಗೆ ಹೋದಳು. ಅಣ್ಣ ಜೊತೆಗೆ ಬರುವುದು ಬೇಡ, ವ್ಯಾಯಾಮಶಾಲೆಗೆ ಒಬ್ಬಳೇ ಹೋಗುತ್ತೇನೆ ಎಂದು ಅವ್ವನಿಗೆ ಹೇಳಿದಳು. ನನ್ನ ಮುಖ ನೋಡಿದ ಅವ್ವ ಎದುರಾಡಲಿಲ್ಲ. ದಸರಾ ಮುಗಿಯುವವರೆಗೆ ತಂಗಿ ನನ್ನ ಜೊತೆ ಮಾತಾಡಲಿಲ್ಲ.

ಮುಂದೆ ಅವಳು ಹಿರಿಯರ ವಿಭಾಗದಲ್ಲಿ ರಾಜ್ಯದ ಪರವಾಗಿ ಎತ್ತಿದಳು. ಕಿರಿಯರ ಆ ಒಂದು ವರ್ಷ ಮಾತ್ರ ಅವಳಿಗೆ ಸಿಗಲೇ ಇಲ್ಲ. ಅದನ್ನು ಕಸಿದವನು ನಾನು.

ಈಗ ಅವಳು ಶಂಶಾಬಾದಿನಲ್ಲಿ ಹುಡುಗಿಯರಿಗೆ ಭಾರ ಎತ್ತುವುದನ್ನು ಕಲಿಸುತ್ತಾಳೆ. ಭಾನುವಾರ ನಾನು ಹೋಗಿ ಕಬ್ಬಿಣ ಒರೆಸುತ್ತೇನೆ, ಕಸ ಹೊಡೆಯುತ್ತೇನೆ. ಅಲ್ಲಿ ಕಳೆಯುವ ಹೊತ್ತಿನಷ್ಟು ಸುಖ ನನಗೆ ಬೇರೆಲ್ಲೂ ಇಲ್ಲ. ಹೊಸಬರು ಬಂದಾಗ ಅವಳು ಈ ಕಥೆಯನ್ನು ನನ್ನೆದುರಿಗೇ ಹೇಳುತ್ತಾಳೆ, ಏನೂ ಬಿಡದೆ. ಹುಡುಗಿಯರು ನಗುತ್ತಾರೆ. ಮೊನ್ನೆ ಒಬ್ಬಳು, ಆಮೇಲಾದರೂ ಆ ಭಾರವನ್ನು ಎತ್ತಿದಿರಾ ಎಂದು ತೆಲುಗಿನಲ್ಲಿ ಕೇಳಿದಳು.

ಇಲ್ಲಮ್ಮ, ಇವತ್ತಿಗೂ ಇಲ್ಲ ಎಂದೆ.