ಹೊಲಿಗೆ ಹೊರಗಿದ್ದ ಯುಗಾದಿ

ಬಾಣಸವಾಡಿಯ ಬಟ್ಟೆ ಅಂಗಡಿಯಲ್ಲಿ ಇವತ್ತು ಹೊಸ ಬಟ್ಟೆಯ ಗಂಜಿವಾಸನೆ ಬಂದದ್ದೇ ತಡ, ಫ್ಯಾಕ್ಟರಿ ಕಾಲನಿಯ ನಮ್ಮ ಹಳೆಯ ಮನೆಯೊಳಕ್ಕೆ ತೇಲಿಹೋದೆ.

ಯುಗಾದಿಯ ಬೆಳಗು, ಬೇವಿನ ಹೂವಿನ ಘಮ. ಹೊಸ ಫ್ರಾಕಿನ ಹೊಲಿಗೆ ಇರುವೆ ಕಡಿದಂತೆ ಚುಚ್ಚುತ್ತಿತ್ತು. ಅದರ ಒಳಮೈ ಹೊರಗೆ ಮಾಡಿ ಹಾಕಿಕೊಂಡು ನೆಂಟರ ಮುಂದೆ ಬಂದೆ.

"ಮಾನ ತೆಗೀತೀಯಲ್ಲೇ!" ಎಂದು ಅಮ್ಮ ಗದರಿದಳು.

ಅಜ್ಜಿ ಒಳಗೆ ಹೋಗಿ ಬಂದಳು. ಅವಳ ರವಿಕೆಯ ಹೊಲಿಗೆಯೂ ಈಗ ಹೊರಗಿತ್ತು. "ನಂಗೂ ಚುಚ್ಚುತ್ತೆ ಕಣೇ. ಇಷ್ಟು ವರ್ಷ ಹೇಳ್ಲಿಲ್ಲ, ಅಷ್ಟೇ," ಎಂದಳು.

ನನ್ನದು ಆಟಿಸಂ ಎಂದು ಡಾಕ್ಟರು ಹೇಳಿದ್ದು ನನಗೆ ನಲವತ್ತು ದಾಟಿದ ಮೇಲೆ; ಹೊಲಿಗೆ ಅಷ್ಟು ಚುಚ್ಚುವುದೂ ಅದರದೇ ಲಕ್ಷಣವಂತೆ.

ಈಗ ಪಕ್ಕದಲ್ಲಿ ನಿಂತ ಅಮ್ಮ ಅಂಗಡಿಯವನಿಗೆ ಹೇಳುತ್ತಿದ್ದಾಳೆ: "ಮೆತ್ತಗಿರೋದು ತೋರ್ಸಪ್ಪ, ಇವ್ಳಿಗೆ ಚುಚ್ಚುತ್ತೆ." ಆಮೇಲೆ, ನನ್ನ ಕಡೆ ನೋಡದೆ, ಮೆಲ್ಲಗೆ: "ನಂಗೂ."