ನಂಜಪ್ಪನವರ ಬಿಳಿ ಕಾರು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ಸೂಲಿಬೆಲೆ ಹತ್ತಿರದ ನಮ್ಮೂರಲ್ಲಿ ಅದು ಅವರೆಕಾಯಿ ಕಾಲ ಎನ್ನುವುದಂತೂ ನಿಜ. ಸೊಗಡಿನ ವಾಸನೆ ಇಲ್ಲದೆ ಆ ನೆನಪು ಬರುವುದೇ ಇಲ್ಲ. ವಿಮಾನ ನಿಲ್ದಾಣದ ಕಡೆ ಜಮೀನು ಮಾರಿದವರ ಮನೆಗಳಿಗೆ ಒಂದೊಂದಾಗಿ ಕಾರು ಬರುತ್ತಿದ್ದ ದಿನಗಳು ಅವು.

ನನಗೆ ಹತ್ತೋ ಹನ್ನೊಂದೋ. ಮಂಡಿನೋವಿನ ಅಜ್ಜಿಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಹೊಸಕೋಟೆ ಆಸ್ಪತ್ರೆಗೆ ಕರೆದೊಯ್ಯಲು ಕಾರು ಬೇಕೆಂದು ಅಪ್ಪ ನಿರ್ಧರಿಸಿದ. ಹೊಸ ಕಾರಿನ ಬಣ್ಣಬಣ್ಣದ ಜಾಹೀರಾತು ಹಾಳೆ ಟೀವಿ ಮೇಲಿತ್ತು. ಆದರೆ ಅಪ್ಪನ ಮನಸ್ಸೆಲ್ಲ ಪಕ್ಕದ ಬೀದಿಯ ನಂಜಪ್ಪನವರ ಹಳೆಯ ಬಿಳಿ ಕಾರಿನ ಮೇಲೆ. ಅವರು ನಿವೃತ್ತ ಕಾಂಪೌಂಡರ್. ಕಣ್ಣು ಮಂಜಾಗಿದ್ದರಿಂದ, ಗೊತ್ತಿರುವ ಮನೆಗೇ ಕೊಡಬೇಕೆಂದು ಕಾದಿದ್ದರು.

"ಹೊಸದು ತಂದ್ರೆ ಕೊಂಬು ಬರುತ್ತಾ? ನಂಜಪ್ಪಣ್ಣ ಅದನ್ನ ಮಗು ಥರ ನೋಡ್ಕೊಂಡವ್ರೆ" ಎಂದ ಅಪ್ಪ.

ಬುಗುರಿ ಆಡುವಾಗ ಗೆಳೆಯ ಸೂರಿಗೆ ಇದನ್ನು ಹೇಳಿದೆ. "ಸೆಕೆಂಡ್ ಹ್ಯಾಂಡಾ? ಲೇ, ನಮ್ ಕಾರಿನ ಸೀಟಿಗೆ ಇನ್ನೂ ಪ್ಲಾಸ್ಟಿಕ್ ಐತೆ ಕಣೋ. ನಿಮ್ದು ತಳ್ಳಕ್ಕೆ ಕರಿ, ಬರ್ತೀನಿ" ಎಂದು ನಕ್ಕ.

ಅವತ್ತು ಸಂಜೆ ಜಗಲಿಯ ಮೇಲೆ ಅಜ್ಜಿ, ನೆರೆಮನೆಯ ಹೆಂಗಸರೆಲ್ಲ ಸೇರಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹೇಳಿದೆ: "ಅಜ್ಜಿ, ಆ ಕಾರಲ್ಲಿ ಹೆಣ ಸಾಗ್ಸಿದ್ರಂತೆ."

'ಹೆಣ' ಎಂದೇ ಅಂದೆನೋ, 'ಸತ್ತೋರ್ನ' ಎಂದೆನೋ ತಿಳಿಯದು. ಯಾರೂ ನನಗೆ ಹಾಗೆ ಹೇಳಿರಲಿಲ್ಲ ಎಂಬುದು ಮಾತ್ರ ಗೊತ್ತು. ಹೆಣ ಹೊತ್ತ ಗಾಡಿಯನ್ನು ನಮ್ಮ ಕಡೆ ಯಾರೂ ಮನೆಗೆ ತರುವುದಿಲ್ಲ ಎಂಬುದೂ ಗೊತ್ತಿತ್ತು. ಹಿತುಕುತ್ತಿದ್ದ ಬೆರಳುಗಳೆಲ್ಲ ಒಂದು ಗಳಿಗೆ ನಿಂತವು. ಮರುದಿನದ ಹೊತ್ತಿಗೆ ಡೈರಿಗೆ ಹಾಲು ಹಾಕಲು ಬಂದವರ ಬಾಯಲ್ಲೆಲ್ಲ ಅದೇ ಮಾತು.

ನಂಜಪ್ಪನವರೇ ಮನೆಗೆ ಬಂದರು. "ಬಸುರಿ ಹೆಂಗಸ್ರನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿದೀನಿ ಕಣವ್ವಾ. ಹೆಣ ಯಾವತ್ತೂ ಹಾಕಿಲ್ಲ" ಎಂದರು.

"ನೀನು ಸುಳ್ಳು ಹೇಳೋನಲ್ಲ ನಂಜಪ್ಪ. ಆದ್ರೆ ನಂಗೆ ಕೂರಕ್ಕೆ ಮನ್ಸು ಬರಲ್ಲ" ಎಂದಳು ಅಜ್ಜಿ.

ಅವರು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರು ಹೇಳಿದ್ರು ಮರಿ ನಿಂಗೆ?"

ನನ್ನ ಬಾಯಲ್ಲಿ ಅವರೆಕಾಳಿನ ಉಪ್ಪಿಟ್ಟು ಇತ್ತು. ಅದನ್ನು ಅಗಿಯುತ್ತಲೇ ಇದ್ದೆ. ಅವರು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು.

ಹೊಸ ಕಾರು ಬಂತು. ಅದರ ಸಾಲ ತೀರಿಸಲು ಅಪ್ಪ ಕಾರ್ಖಾನೆಯಲ್ಲಿ ಎರಡೆರಡು ಪಾಳಿ ದುಡಿಯತೊಡಗಿದ. ಪ್ಲಾಸ್ಟಿಕ್ ಹೊದ್ದ ಸೀಟಿಗೆ ನನ್ನ ತೊಡೆ ಅಂಟಿಕೊಳ್ಳುತ್ತಿತ್ತು. ನಂಜಪ್ಪನವರ ಬೀದಿ ಬಂದಾಗಲೆಲ್ಲ ತಲೆ ತಗ್ಗಿಸಿ ಕೂರುತ್ತಿದ್ದೆ. ಅವರು ಮೊದಲಿನಂತೆ 'ಮರಿ' ಎಂದು ಮತ್ತೆ ಕರೆಯಲಿಲ್ಲ. ಅಥವಾ ಕರೆಯಲು ನಾನೇ ಬಿಡಲಿಲ್ಲ.

ಈಗ ಅಜ್ಜಿ ಇಲ್ಲ, ನಂಜಪ್ಪನವರಿಲ್ಲ, ಹಿತುಕುವವರು ಸೇರುತ್ತಿದ್ದ ಆ ಜಗಲಿಯೂ ಇಲ್ಲ. ಕ್ಷಮೆ ಕೇಳುವುದಕ್ಕೆ ಒಂದು ಬಾಗಿಲೂ ಉಳಿದಿಲ್ಲ. "ಆ ಕಾರನ್ನ ಆಮೇಲೆ ಕೋಲಾರದ ಕಡೆಯೋರು ಯಾರೋ ತಗೊಂಡ್ರು ಬಿಡೋ" ಎನ್ನುತ್ತಾಳೆ ಅಕ್ಕ. ಆದರೆ ಆ ಕಾರು ನಂಜಪ್ಪನವರ ಮನೆಯ ಹುಣಸೆಮರದ ಕೆಳಗೇ ನಿಂತು, ಟೈರು ಕುಸಿದು, ಒಳಗೆ ಕೋಳಿಗಳು ಮೊಟ್ಟೆಯಿಟ್ಟಿದ್ದು ನನಗೆ ನೆನಪು. ನನ್ನ ನೆನಪನ್ನು ನಾನು ನಂಬುವವನಲ್ಲ. ಹಾಗಾಗಿ ಅಕ್ಕನ ಮಾತನ್ನೇ ಬಹಳ ವರ್ಷ ಹಿಡಿದುಕೊಂಡಿದ್ದೆ.

ಕಳೆದ ತಿಂಗಳು ನಾನೇ ಒಂದು ಹಳೆಯ ಕಾರು ನೋಡುತ್ತಿದ್ದೆ. ಅದರ ಪೂರ್ವಾಪರ ತಿಳಿಯಲು ಮೊಬೈಲಿನಲ್ಲಿ ಸಾರಿಗೆ ಇಲಾಖೆಯ ದಾಖಲೆ ತೆರೆದವನು, ಯಾಕೋ ಇನ್ನೂ ಬಾಯಿಪಾಠವಿದ್ದ ನಂಜಪ್ಪನವರ ಕಾರಿನ ನಂಬರನ್ನೂ ಹಾಕಿದೆ. ಬಿಳಿ ಬಣ್ಣ, ನೋಂದಣಿ ಅವಧಿ ಮುಗಿದಿದೆ, ಮಾಲೀಕರು ಒಬ್ಬರೇ. ಆ ಕಾರು ಯಾರ ಹೆಸರಿಗೂ ವರ್ಗವಾಗಿಲ್ಲ.